ಅಪ್‌ಡೇಟ್: ಅಕ್ಕ ಈಗ ದಿನಕ್ಕೆ ನೂರು ರೊಟ್ಟಿ ಬಡಿಯುತ್ತಾಳೆ

ಗಂಡನ ಹೊಡೆತ ತಾಳಲಾರದೆ ಮಗು ಕಟ್ಟಿಕೊಂಡು ಹುಬ್ಬಳ್ಳಿಗೆ ಬಂದ ಅಕ್ಕನಿಗೆ ಮುಂದೇನು ದಾರಿ ಅಂತ ಎರಡು ತಿಂಗಳ ಹಿಂದೆ ಕೇಳಿದ್ದೆ. ನೀವು ಹೇಳಿದ ಹಾಗೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದೆವು. ದೌರ್ಜನ್ಯಕ್ಕೊಳಗಾದ ಹೆಂಗಸರಿಗೆ ನೆರವಾಗುವ ಸರ್ಕಾರಿ ಸಖಿ ಕೇಂದ್ರದಲ್ಲಿ ಅವಳ ಮಾತು ಪೂರ್ತಿ ಕೇಳಿದರು. ಅವಳು ಬಾಯಿಬಿಟ್ಟು ಅತ್ತಿದ್ದು ಅವತ್ತೇ. ವಕೀಲರ ಖರ್ಚೂ ಇಲ್ಲ; ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಕೋರ್ಟಿಗೆ ಅರ್ಜಿ ಹಾಕಿದ್ದೇವೆ.

ಆದರೆ ನಿಜವಾಗಿ ಕೈ ಹಿಡಿದದ್ದು ಓಣಿಯ ಖಾನಾವಳಿ ಕಾಕು. ಮೊದಲ ದಿನ ಅಕ್ಕನ ಕೈ ನಡುಗಿ ರೊಟ್ಟಿ ಹರಿದಿತ್ತು. "ಹರದದ್ದು ನಾವ್ ತಿನ್ನೂಣು, ನೀ ಬಡಿಯವ್ವಾ" ಅಂದರಂತೆ. ಅಪ್ಪನದು ಮಾತ್ರ ಇನ್ನೂ "ಮಂದಿ ಏನಂತಾರ" ರಾಗವೇ. ಸುಮ್ನೆ ಬಿಟ್ಟಿದ್ದೇವೆ. ಕೋರ್ಟಿನ ಮುಂದಿನ ತಾರೀಖು ಮುಗಿದ ಮೇಲೆ ಮತ್ತೆ ಬರೆಯುತ್ತೇನೆ.