5 ಎಚ್‌ಪಿ ಮೋನೋಬ್ಲಾಕ್: ಹತ್ತು ನಿಮಿಷ ಚಂದ ನೀರು ಕೊಟ್ಟು ಆಮ್ಯಾಲ ಅರ್ಧಕ್ಕ ಇಳೀತದ, ಯಾಕ?

ಕಾಗಿಣಾ_ದಂಡಿ:
ಚಿತ್ತಾಪುರ ತಾಲೂಕು, ತೆರೆದ ಬಾವಿ. 5 ಎಚ್‌ಪಿ ಥ್ರೀ ಫೇಸ್ ಮೋನೋಬ್ಲಾಕ್ (ಮೋಟಾರ್, ಪಂಪು ಒಂದೇ ಕಡಿ ಕೂಡಿದ್ದು) ಪಂಪು ಬಾವಿ ದಂಡಿ ಮ್ಯಾಲ ಅದ. ಸಕ್ಷನ್ (ನೀರು ಎಳಿಯೋ ಪೈಪ್) 65 ಎಂಎಂ, ಡೆಲಿವರಿ (ನೀರು ಹೊರಗ ಬಿಡೋ ಪೈಪ್) 50. ಚಾಲೂ ಮಾಡಿದ ಮ್ಯಾಲ ಹತ್ತು ನಿಮಿಷ ಪೈಪ್ ತುಂಬ ನೀರು ಬರ್ತದ, ಆಮ್ಯಾಲ ಅರ್ಧಕ್ಕ ಇಳೀತದ. ಪಂಪಿನೊಳಗ ಹರಳು ಉರುಳಿದಂಗ ಸಪ್ಪಳ. ಫುಟ್‌ವಾಲ್ (ಸಕ್ಷನ್ ತಳದಾಗ ನೀರು ವಾಪಸ್ ಹೋಗದಂಗ ತಡಿಯೋ ವಾಲ್) ಹೊಸದು ಹಾಕಿದ್ರೂ ಫರಕ್ ಬಿದ್ದಿಲ್ಲ. ರಾತ್ರಿ ಪೈಪಿನಾಗ ತುಂಬಿಟ್ಟ ನೀರು ಮುಂಜಾನಿ ತನಕ ಇಳಿಯಂಗಿಲ್ಲ. ವೋಲ್ಟೇಜ್ 395. ಆಂಪ್ಸ್ ಮೊದಲ 7, ನೀರು ಕಡಿಮಿ ಆದಾಗ 5.2. ನೀರು ಪಂಪಿನಿಂದ 21 ಫೂಟ್ ಕೆಳಗ ಅದ. ಗ್ಲ್ಯಾಂಡ್‌ನಿಂದ (ಶಾಫ್ಟ್ ಸುತ್ತ ದಾರ ತುಂಬಿ ಸೋರಿಕಿ ತಡಿಯೋ ಜಾಗ) ಹನಿ ಬೀಳ್ತದ. ಮೋಟಾರ್ ಬಿಚ್ಚಿಸಬೇಕೇನ್ರಿ?

ತೊಗರಿ_ನಾಡು:
7.5 ಎಚ್‌ಪಿ ಹಾಕ್ರಿ, ಕಿರಿಕಿರಿನೇ ಇರಂಗಿಲ್ಲ.

ವೈಂಡಿಂಗ್_ಅಂಗಡಿ:
ಮೋಟಾರ್ ಮುಟ್ಟಬ್ಯಾಡ್ರಿ. ಬೇರಿಂಗ್ ಹೋಗಿದ್ರ, ಇಂಪೆಲ್ಲರ್ (ಪಂಪಿನೊಳಗ ತಿರುಗಿ ನೀರು ದಬ್ಬೋ ಚಕ್ರ) ತಿಕ್ಕುತಿದ್ರ ಆಂಪ್ಸ್ ಏರ್ತದ. ನಿಮ್ಮದು ಇಳೀಲಿಕತ್ತದ ಅಂದ್ರ ಪಂಪಿಗೆ ಎತ್ತಲಿಕ್ಕ ನೀರೇ ಸಿಗವಲ್ದು. ಮುಂಜಾನಿ ತನಕ ನೀರು ನಿಲ್ತದ ಅಂದ ಮ್ಯಾಲ ಫುಟ್‌ವಾಲ್‌ನೂ ಬಿಡ್ರಿ.

21 ಫೂಟ್ ಅಳದದ್ದು ಯಾವಾಗ? ಪಂಪು ನಿಂತಾಗ ಅಳದ್ರ ಉಪಯೋಗಿಲ್ಲ. ಸಪ್ಪಳ ಸುರು ಆದ ಹೊತ್ತಿನಾಗ ಹಗ್ಗಕ್ಕ ಕಲ್ಲು ಕಟ್ಟಿ ಬಿಟ್ಟು ಅಳೀರಿ. ಅದೇ ಹೊತ್ತಿಗೆ ಡೆಲಿವರಿ ಗೇಟ್‌ವಾಲ್ ಅರ್ಧ ಮುಚ್ಚಿ ನೋಡ್ರಿ, ಸಪ್ಪಳ ಕಡಿಮಿ ಆಗ್ತದೋ ಇಲ್ಲೋ.

ಗಾಳಿ ಎಳೀತದೇನು ಅಂತನೂ ಒಮ್ಮೆ ನೋಡಿಬಿಡ್ರಿ. ಪಂಪು ನಡೀವಾಗ ಊದುಬತ್ತಿ ಹಚ್ಚಿ ಸಕ್ಷನ್ ಫ್ಲ್ಯಾಂಜ್, ಬೆಂಡ್, ಒಂದೊಂದು ಜಾಯಿಂಟ್ ಹತ್ರ ಹಿಡೀರಿ. ಹೊಗಿ ಒಳಗ ಬಾಗಿದ್ರ ಅಲ್ಲೇ ಸೀಳು ಅದ. ಗಾಳಿ ಬೀಸೋ ಹೊತ್ತಿನಾಗ ಇದು ಗೊತ್ತಾಗಂಗಿಲ್ಲ, ನಸುಕಿನಾಗ ಮಾಡ್ರಿ.

ಕಾಗಿಣಾ_ದಂಡಿ:
ನಿಂತಾಗ 21, ಸಪ್ಪಳ ಬರೋ ಹೊತ್ತಿಗೆ 25 ಫೂಟ್. ವಾಲ್ ಅರ್ಧ ಮುಚ್ಚಿದ್ರ ಸಪ್ಪಳ ಹೋಗ್ತದ್ರಿ! ಹೊಗಿ ಎಲ್ಲೂ ಒಳಗ ಹೋಗಿಲ್ಲ.

ಬೀದರ_ಪಂಪ್:
ಸಿಕ್ತು ನೋಡ್ರಿ. ಲೆಕ್ಕ ಹಿಂಗದ. ಕಲಬುರಗಿ ಸೀಮಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಮ್ಯಾಲ. ಇಲ್ಲಿ ಗಾಳಿ ಒತ್ತಡ ನೀರನ್ನ ದಬ್ಬೋದು ಹೆಚ್ಚಂದ್ರ 9.8 ಮೀಟರ್. ನಮ್ಮ ಬ್ಯಾಸಿಗಿ ಬಿಸಿ ನೀರಿನ ಆವಿಗೆ ಅದರಾಗ 0.4 ಹೋಯ್ತು. 25 ಫೂಟ್ ಅಂದ್ರ 7.6 ಮೀಟರ್. ಪೈಪ್, ಬೆಂಡ್, ಫುಟ್‌ವಾಲ್ ತಿಕ್ಕಾಟಕ್ಕ ಇನ್ನೊಂದು ಮೀಟರ್ ಹಿಡೀರಿ. ಉಳಿದದ್ದು 0.8. ಇಂಥ ಪಂಪಿನ ಇಂಪೆಲ್ಲರ್ ಬಾಯಿಗೆ 2–3 ಮೀಟರ್ ಬೇಕು. ಅದು ಸಿಗದಿದ್ದಾಗ ನೀರು ಅಲ್ಲೇ ಕುದ್ದು ಗುಳ್ಳಿ ಏಳ್ತದ, ಆ ಗುಳ್ಳಿ ಒಡಿಯೋದೇ ನಿಮ್ಮ ಹರಳಿನ ಸಪ್ಪಳ. ಹಿಂಗೇ ಬಿಟ್ರ ಇಂಪೆಲ್ಲರ್ ಬಾಯಿ ಹತ್ರ ಇರಿವಿ ಕಡದಂಗ ತೂತು ಬೀಳ್ತಾವ.

7.5 ಎಚ್‌ಪಿ ಅಂದವ್ರಿಗೆ: ದೊಡ್ಡ ಪಂಪು ಇನ್ನೂ ಜಾಸ್ತಿ ನೀರು ಎಳೀತದ, ಬಾವಿ ಇನ್ನೂ ಬೇಗ ಇಳೀತದ, ಕಾಟ ದುಪ್ಪಟ್ಟು.

ಮಾಡಬೇಕಾದದ್ದು ಪಂಪು ಇಳಿಸೋದು. ಬಾವಿ ಒಳಗಿನ ಮೆಟ್ಟಿಲ ಮ್ಯಾಲ ಇಲ್ಲಾ ಆ್ಯಂಗಲ್ ಚೌಕಟ್ಟಿನ ಮ್ಯಾಲ 8 ಫೂಟ್ ಕೆಳಗ ಕೂಡಿಸ್ರಿ. ಸರಪಳಿ ಕಪ್ಪಿ ಇರಲಿ, ಮಳಿಗಾಲದಾಗ ಬಾವಿ ತುಂಬಿದ್ರ ಮ್ಯಾಲ ಎತ್ತಬೇಕಾಗ್ತದ. ಸ್ಟಾರ್ಟರ್ ಮಾತ್ರ ದಂಡಿ ಮ್ಯಾಲೇ ಇರಲಿ. ಅರ್ಥಿಂಗ್ ಮರೀಬ್ಯಾಡ್ರಿ.

ಸಕ್ಷನ್ 80 ಎಂಎಂ ಮಾಡ್ರಿ. ಸೆಕೆಂಡಿಗೆ 6 ಲೀಟರ್ ಹಾಯ್ದ್ರ 65ರಾಗ ವೇಗ 1.8 ಮೀಟರ್, 80ರಾಗ 1.2. ಪಂಪಿನ ಹತ್ರ ಹಾಕೋ ರೆಡ್ಯೂಸರ್ (ದೊಡ್ಡ ಪೈಪ್ ಸಣ್ಣ ಬಾಯಿಗೆ ಜೋಡಿಸೋ ತುಂಡು) ಒಂದು ಕಡಿ ಚಪ್ಪಟಿ ಇರೋದು ತರ್ರಿ, ಚಪ್ಪಟಿ ಮಗ್ಗಲು ಮ್ಯಾಲ ಬರಬೇಕು. ತಿರುವಿ ಹಾಕಿದ್ರ ಗಾಳಿ ಅಲ್ಲೇ ಗುಂಪಾಗ್ತದ. ಅಲ್ಲಿ ತನಕ ವಾಲ್ ಅರ್ಧ ಮುಚ್ಚೇ ನಡಸ್ರಿ. ನೀರು ಕಡಿಮಿ ಬಂದ್ರೂ ಪಂಪು ಉಳೀತದ, ಮೋಟಾರಿಗೂ ಭಾರ ಇಲ್ಲ.

ವೈಂಡಿಂಗ್_ಅಂಗಡಿ:
ಗ್ಲ್ಯಾಂಡ್ ಹನಿ ಬಗ್ಗೆ ಯಾರೂ ಹೇಳಿಲ್ಲ. ನಿಮಿಷಕ್ಕ 40–60 ಹನಿ ಬೀಳಬೇಕು, ಆ ನೀರೇ ದಾರ ತಂಪು ಇಡ್ತದ. ಪೂರ್ತಿ ಬಂದ್ ಆಗೋ ತನಕ ಬೋಲ್ಟ್ ಬಿಗಿದ್ರ ದಾರ ಸುಟ್ಟು ಸ್ಲೀವ್ (ಶಾಫ್ಟಿಗೆ ಹಾಕಿದ ಕೊಳವಿ) ಮ್ಯಾಲ ಗೆರಿ ಬೀಳ್ತದ. ಆಮ್ಯಾಲ ಎಂಥಾ ಗ್ರಾಫೈಟ್ ದಾರ ಹಾಕಿದ್ರೂ ಸೋರ್ತದ, ಸ್ಲೀವೇ ಬದಲಿ ಮಾಡಬೇಕು. ಹೊಸ ದಾರ ಹಾಕುವಾಗ ಸುರುಳಿ ಸುತ್ತಿ ತುರುಕಬ್ಯಾಡ್ರಿ. ಒಂದೊಂದು ಬಳಿ ಬ್ಯಾರೆ ಕತ್ತರಿಸಿ, ಒಂದರ ಕೂಡು ಮ್ಯಾಲ ಬಂದ್ರ ಮುಂದಿಂದು ಕೆಳಗ ಬರಂಗ ಹಾಕ್ರಿ. ನಟ್ ಮೊದಲ ಕೈಲೇ ಬಿಗೀರಿ, ಪಾನಾ ಹಚ್ಚೋದು ಪಂಪು ಚಾಲೂ ಆದ ಮ್ಯಾಲ, ಎರಡೂ ಕಡಿ ಸಮ, ಸ್ವಲ್ಪ ಸ್ವಲ್ಪ.

ಪಂಪು ಇಳಿಸಿ ವೈರ್ ಮತ್ತ ಜೋಡಿಸಿದ ಮ್ಯಾಲ ತಿರುಗೋ ದಿಕ್ಕು ಬಾಣದ ಗುರುತಿಗೆ ತಾಳಿ ನೋಡ್ರಿ. ಉಲ್ಟಾ ತಿರುಗಿದ್ರೂ ಸ್ವಲ್ಪ ನೀರು ಬರ್ತದ, ಅದಕ್ಕ ಜನ ಮೋಸ ಹೋಗ್ತಾರ. ಉಲ್ಟಾ ಇದ್ರ ಯಾವುದಾದ್ರೂ ಎರಡು ಫೇಸ್ ಅದಲುಬದಲು ಮಾಡ್ರಿ, ಸಾಕು.

ಕಾಗಿಣಾ_ದಂಡಿ:
8 ಫೂಟ್ ಕೆಳಗ ಕಲ್ಲಿನ ಕಟ್ಟಿ ಅದ್ರಿ, ಅಲ್ಲೇ ಕೂಡಿಸ್ತೀನಿ. ನೀರಿನಾಗ ಮುಳುಗೋ ಓಪನ್‌ವೆಲ್ ಪಂಪು ಚಲೋನೋ?

ಬೀದರ_ಪಂಪ್:
ಹೊಸದು ಕೊಳ್ಳೋರಿಗೆ ಅದೇ ಚಲೋ, ಸಕ್ಷನ್ ತ್ರಾಸೇ ಇರಂಗಿಲ್ಲ. ನಿಮ್ಮ ಹಂತೇಕ ಚಲೋ ಮೋನೋಬ್ಲಾಕ್ ಇರುವಾಗ ಯಾಕ ಖರ್ಚು? ಕಟ್ಟಿ ಮ್ಯಾಲ ಇಳಿಸ್ರಿ.