ಪ್ಲೂಟೊ ಗ್ರಹವಲ್ಲ ಎಂದರೆ ನಮಗೇಕೆ ನೋವಾಗುತ್ತದೆ?

ಪ್ರಶ್ನೆ: ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಉಡುಪಿ

ಕಳೆದ ತಿಂಗಳು ನಮ್ಮ ಎಂಟನೆಯ ತರಗತಿಯ ಮಕ್ಕಳನ್ನು ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯಕ್ಕೆ ಕರೆದೊಯ್ದಿದ್ದೆವು. ಹಿಂದಿರುಗುವಾಗ ಬಸ್ಸಿನಲ್ಲಿ ಒಬ್ಬ ಹುಡುಗಿ ಎಂಟು ಗ್ರಹಗಳ ಹೆಸರನ್ನು ಸರಾಗವಾಗಿ ಹೇಳಿ ಮುಗಿಸಿದಳು. ಜೊತೆಗೆ ಬಂದಿದ್ದ ಅವಳ ತಂದೆ, "ಇನ್ನೊಂದು ಬಾಕಿ ಉಂಟಲ್ಲ ಮಗಾ, ಪ್ಲೂಟೊ?" ಎಂದರು. ಅದು ಈಗ ಗ್ರಹವಲ್ಲವೆಂದು ಮಗಳು ಹೇಳಿದಾಗ ಅವರ ಮುಖ ಬಾಡಿತು. "ಅಷ್ಟು ದೂರದಲ್ಲಿ ಅದರ ಪಾಡಿಗೆ ಅದು ಇತ್ತು, ಯಾಕೆ ತೆಗೆದರು ಟೀಚರ್?" ಎಂದು ನನ್ನನ್ನು ಕೇಳಿದ ಅವರ ಧ್ವನಿಯಲ್ಲಿ ಕುತೂಹಲಕ್ಕಿಂತ ಬೇಸರವೇ ಹೆಚ್ಚಿತ್ತು.

2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಗ್ರಹಕ್ಕೆ ಮೂರು ಲಕ್ಷಣಗಳನ್ನು ನಿಗದಿಪಡಿಸಿತೆಂದೂ, ಸೂರ್ಯನನ್ನು ಸುತ್ತುವುದು ಮತ್ತು ತನ್ನದೇ ಗುರುತ್ವದಿಂದ ದುಂಡಗಿರುವುದು ಎಂಬ ಎರಡನ್ನು ಪ್ಲೂಟೊ ಪೂರೈಸಿದರೂ, ತನ್ನ ಕಕ್ಷೆಯ ಆಸುಪಾಸನ್ನು ತೆರವುಗೊಳಿಸಿರಬೇಕು, ಅಂದರೆ ಅಲ್ಲಿ ತನ್ನಂಥ ಬೇರೆ ಕಾಯಗಳು ಉಳಿದಿರಬಾರದು ಎಂಬ ಮೂರನೆಯದನ್ನು ಪೂರೈಸಲಿಲ್ಲವೆಂದೂ ವಿವರಿಸಿದೆ. ಅವರು ಎಲ್ಲವನ್ನೂ ಒಪ್ಪಿದರು. ಆದರೆ ಬೇಸರ ಹೋಗಲಿಲ್ಲ.

ಅಣಬೆಯನ್ನು ಸಸ್ಯವೆಂದು ಕಲಿತವರೂ ನಮ್ಮಲ್ಲಿದ್ದಾರೆ. ಅದು ಸಸ್ಯವಲ್ಲ, ಶಿಲೀಂಧ್ರಗಳದ್ದು ಬೇರೆಯೇ ಸಾಮ್ರಾಜ್ಯ ಎಂದು ಪಾಠ ಬದಲಾದಾಗ, ಮಳೆಗಾಲದಲ್ಲಿ ಗುಡ್ಡೆಗೆ ಹೋಗಿ ಅಣಬೆ ಆರಿಸಿ ತರುವ ನಮ್ಮೂರಿನಲ್ಲಿ ಯಾರೂ ನೊಂದುಕೊಂಡದ್ದನ್ನು ನಾನು ಕಂಡಿಲ್ಲ. ಕೈಯಲ್ಲಿ ಹಿಡಿದು ಅಡುಗೆ ಮಾಡಿ ಉಂಡ ಅಣಬೆಗೆ ಇಲ್ಲದ ಮರುಕ, ಬರಿಗಣ್ಣಿಗೆ ಕಾಣದ ಪ್ಲೂಟೊಗೆ ಏಕೆ?

ಉತ್ತರ 1: ಹವ್ಯಾಸಿ ಆಕಾಶವೀಕ್ಷಕ, ಮಣಿಪಾಲ

ಟೀಚರ್, ಪ್ಲೂಟೊ ಪಟ್ಟಿಯಲ್ಲಿದ್ದ ಅವಧಿಯನ್ನು ಮೊದಲು ಗಮನಿಸಬೇಕು. 1930ರಲ್ಲಿ ಅರಿಜೋನಾದ ಲೋವೆಲ್ ವೀಕ್ಷಣಾಲಯದಲ್ಲಿ ಕ್ಲೈಡ್ ಟಾಂಬೊ ಅದನ್ನು ಪತ್ತೆಹಚ್ಚಿದಂದಿನಿಂದ 76 ವರ್ಷಗಳ ಕಾಲ ಗ್ರಹಗಳ ಪಟ್ಟಿ ಅಲುಗಾಡಲಿಲ್ಲ. ಅಜ್ಜ, ಮಗಳು, ಮೊಮ್ಮಗ ಮೂವರೂ ಒಂದೇ ಒಂಬತ್ತು ಹೆಸರುಗಳನ್ನು ಬಾಯಿಪಾಠ ಮಾಡಿದರು.

ಆದರೆ ವಿಜ್ಞಾನಿಗಳ ಅನುಮಾನ ಬಹಳ ಹಿಂದಿನದು. 1978ರಲ್ಲಿ ಪ್ಲೂಟೊದ ಉಪಗ್ರಹ ಶಾರನ್ ಪತ್ತೆಯಾದಾಗ ಪ್ಲೂಟೊದ ದ್ರವ್ಯರಾಶಿಯನ್ನು ಲೆಕ್ಕಹಾಕಲು ಸಾಧ್ಯವಾಯಿತು. ಅದು ಭೂಮಿಯ ಐನೂರರಲ್ಲಿ ಒಂದು ಪಾಲಿನಷ್ಟು ಎಂದು ತಿಳಿಯಿತು. ಪ್ಲೂಟೊದ ವ್ಯಾಸ ಸುಮಾರು 2,377 ಕಿಲೋಮೀಟರ್, ನಮ್ಮ ಚಂದ್ರನದು 3,474. ಮುಂದೆ 1992ರಿಂದ ನೆಪ್ಚೂನಿನ ಆಚೆ ಒಂದರ ಹಿಂದೊಂದರಂತೆ ಹಿಮದ ಕಾಯಗಳು ಸಿಗತೊಡಗಿದವು. 2005ರಲ್ಲಿ ಘೋಷಿಸಲಾದ ಎರಿಸ್ ಪ್ಲೂಟೊಗಿಂತಲೂ ಹೆಚ್ಚು ದ್ರವ್ಯರಾಶಿಯುಳ್ಳದ್ದು. ಅದನ್ನು ಹತ್ತನೆಯ ಗ್ರಹವೆಂದು ಒಪ್ಪಿದರೆ ಮುಂದಿನವುಗಳಿಗೆ ಬಾಗಿಲು ಮುಚ್ಚುವುದು ಹೇಗೆ ಎಂಬ ಪ್ರಶ್ನೆಯೇ ಪ್ರಾಗ್‌ನ ಸಭೆಗೆ ಕಾರಣ.

ಒಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. 1801ರಲ್ಲಿ ಪಿಯಾಜಿ ಕಂಡುಹಿಡಿದ ಸೀರಿಸ್ ಕೂಡ ಹಲವು ದಶಕ ಗ್ರಹವೆನಿಸಿಕೊಂಡು, ಅಂಥವು ಹೆಚ್ಚಾದಂತೆ ಕ್ಷುದ್ರಗ್ರಹಗಳ ಸಾಲಿಗೆ ಸೇರಿತ್ತು. ಪ್ಲೂಟೊವನ್ನು ಕುಬ್ಜ ಗ್ರಹ, ಅಂದರೆ ಮೊದಲೆರಡು ಲಕ್ಷಣಗಳಿದ್ದು ಮೂರನೆಯದಿಲ್ಲದ ಕಾಯ, ಆಗಿಸಿದ ಅದೇ ನಿರ್ಣಯದಿಂದಲೇ ಸೀರಿಸ್ ಕ್ಷುದ್ರಗ್ರಹದಿಂದ ಕುಬ್ಜ ಗ್ರಹಕ್ಕೆ ಮೇಲೇರಿತು. ಅದಕ್ಕಾಗಿ ಸಂತೋಷಪಟ್ಟ ಒಬ್ಬರನ್ನೂ ನಾನು ಈವರೆಗೆ ಭೇಟಿಯಾಗಿಲ್ಲ. ಸೀರಿಸ್ ನಮ್ಮ ಬಾಲ್ಯದಲ್ಲಿ ಇರಲಿಲ್ಲ.

ಉತ್ತರ 2: ನಿವೃತ್ತ ಕನ್ನಡ ಉಪನ್ಯಾಸಕ, ಮಂಗಳೂರು

ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಇಷ್ಟು ವರ್ಷ ಕಳೆದರೂ ನಮ್ಮ ಭಾಷಣಗಳಲ್ಲಿ, ಪ್ರಕಟಣೆಗಳಲ್ಲಿ "ಅವಿಭಜಿತ ದಕ್ಷಿಣ ಕನ್ನಡ" ಎಂಬ ಮಾತು ತಪ್ಪುವುದಿಲ್ಲ. ಕಾಪುವಿನ ದೀಪಸ್ತಂಭವಾಗಲಿ ಕುಂದಾಪುರದ ಹೊಳೆಗಳಾಗಲಿ ಇದ್ದ ಜಾಗದಿಂದ ಒಂದು ಅಂಗುಲವೂ ಸರಿಯಲಿಲ್ಲ, ಬದಲಾದದ್ದು ಕಾಗದದ ಮೇಲಿನ ಗೆರೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಆದರೂ ವಿಳಾಸ ಬರೆಯುವಾಗ ಹಲವು ವರ್ಷ ಕೈ ತಡೆಯುತ್ತಿತ್ತು. ಹೆಸರುಗಳ ಪಟ್ಟಿಯೊಂದನ್ನು ಚಿಕ್ಕಂದಿನಲ್ಲಿ ಕಲಿತಾಗ, ಅದನ್ನು ಕಲಿಸಿದ ಮಾಷ್ಟ್ರು, ಕೂತ ಬೆಂಚು, ಜೊತೆಯಲ್ಲಿ ರಾಗವಾಗಿ ಹೇಳಿದ ಗೆಳೆಯರು ಎಲ್ಲರೂ ಆ ಪಟ್ಟಿಯೊಳಗೆ ಸೇರಿರುತ್ತಾರೆ. ಆ ತಂದೆಗೆ ನೋವಾದದ್ದು ಅಲ್ಲಿ ಎಂದು ನನ್ನ ನಂಬಿಕೆ.

ನಾವು ಬಳಸಿದ ಭಾಷೆಯೂ ಆ ನೋವನ್ನು ಬೆಳೆಸಿತು. ಪ್ಲೂಟೊಗೆ ಹಿಂಬಡ್ತಿಯಾಯಿತು, ಅದು ಸ್ಥಾನಮಾನ ಕಳೆದುಕೊಂಡಿತು, ಅದನ್ನು ಹೊರಹಾಕಿದರು ಎಂದೇ ಎಲ್ಲೆಡೆ ಹೇಳಿದೆವು, ಬರೆದೆವು. ಇವು ನೌಕರಿಯ ಮತ್ತು ಮನೆತನದ ಮಾತುಗಳು. ಇವನ್ನು ಕೇಳಿದ ಮನಸ್ಸು ಅನ್ಯಾಯವನ್ನು ಹುಡುಕುವುದು ಸಹಜ. ಅದರ ಮೇಲೆ "ಕುಬ್ಜ" ಎಂಬ ಹೆಸರು. ಖಗೋಳಶಾಸ್ತ್ರದಲ್ಲಿ ನಮ್ಮ ಸೂರ್ಯನನ್ನೂ ಕುಬ್ಜ ನಕ್ಷತ್ರವೆನ್ನುತ್ತಾರೆ, ಆದರೆ ಅದು ನಕ್ಷತ್ರವಾಗಿಯೇ ಉಳಿಯುತ್ತದೆ. ಕುಬ್ಜ ಗ್ರಹ ಮಾತ್ರ ಗ್ರಹವಲ್ಲ. ಇದು ಭಾಷೆಯ ದೃಷ್ಟಿಯಿಂದ ಒಳ್ಳೆಯ ಆಯ್ಕೆಯೆಂದು ನನಗೆ ಅನ್ನಿಸುವುದಿಲ್ಲ.

ಉತ್ತರ 3: ಭೌತಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ, ಕೊಣಾಜೆ

ಭಾವುಕತೆ ಜನಸಾಮಾನ್ಯರದು ಮಾತ್ರ ಎಂದು ತಿಳಿಯಬಾರದೆಂದು ವಿನಂತಿ. ಒಕ್ಕೂಟದ ಸಾವಿರಾರು ಸದಸ್ಯರಲ್ಲಿ ಆ ದಿನ ಮತ ಹಾಕಿದವರು 400ಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಮಾತ್ರ. ಪ್ಲೂಟೊಗೆ ನೌಕೆ ಕಳುಹಿಸಿದ ತಂಡದ ಮುಖ್ಯಸ್ಥರಾದ ಅಲನ್ ಸ್ಟರ್ನ್ ಆ ವ್ಯಾಖ್ಯೆಯನ್ನು ಬಹಿರಂಗವಾಗಿಯೇ ವಿರೋಧಿಸಿದರು.

ನಮ್ಮಲ್ಲಿ ಒಂಬತ್ತರ ಸಂಖ್ಯೆಗೆ ಬೇರೆಯ ತೂಕವೂ ಇದೆ. ದೇವಸ್ಥಾನದ ನವಗ್ರಹಗಳಲ್ಲಿ ಸೂರ್ಯ, ಚಂದ್ರ, ರಾಹು, ಕೇತುಗಳಿವೆ, ಭೂಮಿಯಿಲ್ಲ, ಪ್ಲೂಟೊವೂ ಇಲ್ಲ. ಶಾಲೆಯ ಒಂಬತ್ತಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಎರಡೂ ಕಡೆ ಒಂಬತ್ತೇ ಇದ್ದುದರಿಂದ ಆ ಎಣಿಕೆ ಪೂರ್ಣವೆಂಬ ಭಾವನೆ ನಮ್ಮಲ್ಲಿ ಇನ್ನಷ್ಟು ಗಟ್ಟಿಯಾಗಿರಬಹುದು.

ಪ್ರಶ್ನೆ ಕೇಳಿದ ಶಿಕ್ಷಕಿಯ ಪ್ರತಿಕ್ರಿಯೆ

ಎಲ್ಲರಿಗೂ ಕೃತಜ್ಞತೆಗಳು. ಜಿಲ್ಲೆಯ ಹೋಲಿಕೆ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ, ಸರ್. ಜಿಲ್ಲೆಯ ಗೆರೆಯನ್ನು ಆಡಳಿತದ ಅನುಕೂಲಕ್ಕಾಗಿ ಎಳೆಯುತ್ತಾರೆ, ಆದರೆ ಪ್ಲೂಟೊದ ಸುತ್ತ ಅಂಥದೇ ಕಾಯಗಳು ನಿಜವಾಗಿಯೂ ಇವೆ. ಬೆಂಚು ಮತ್ತು ಗೆಳೆಯರ ಮಾತು ಮಾತ್ರ ನೇರವಾಗಿ ಮನಸ್ಸಿಗೆ ನಾಟಿತು.

ಇದನ್ನೆಲ್ಲ ನಿನ್ನೆ ತರಗತಿಯಲ್ಲಿ ಹೇಳಿದೆ. ನ್ಯೂ ಹೊರೈಜನ್ಸ್ ನೌಕೆ 2006ರ ಜನವರಿಯಲ್ಲಿ ಟಾಂಬೊ ಅವರ ಚಿತಾಭಸ್ಮದ ಸ್ವಲ್ಪ ಭಾಗವನ್ನು ಹೊತ್ತು ಹೊರಟಾಗ ಪ್ಲೂಟೊ ಗ್ರಹವಾಗಿತ್ತು, 2015ರ ಜುಲೈ 14ರಂದು ಅದರ ಬಳಿ ಹಾದುಹೋದಾಗ ಗ್ರಹವಾಗಿರಲಿಲ್ಲ ಎಂದಾಗ ತರಗತಿ ಸ್ತಬ್ಧವಾಯಿತು. ಪ್ಲೂಟೊ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು 248 ವರ್ಷ ಬೇಕೆಂದು ತಿಳಿಸಿದೆ. ಬಸ್ಸಿನಲ್ಲಿ ಪಟ್ಟಿ ಹೇಳಿದ ಆ ಹುಡುಗಿ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಮಾಡಿ, ಕಂಡುಹಿಡಿದ ಮೇಲಿನ ಮೊದಲ ಸುತ್ತು ಮುಗಿಯುವುದು 2178ರಲ್ಲಿ ಎಂದಳು. ಆ ಹಾಳೆಯನ್ನು ಅಪ್ಪನಿಗೆ ತೋರಿಸಲು ಹರಿದುಕೊಳ್ಳಬಹುದೇ ಎಂದು ಕೇಳಿದಳು. ಆಗಲಿ ಎಂದೆ.