ಎಂಜಿನ್ ಸ್ಟಾರ್ಟ್ ಮಾಡಿದರೆ ವಿಎಚ್‌ಎಫ್ ರೇಡಿಯೊದಲ್ಲಿ ಪೊಸಿಷನ್ ಮಾಯ

ಮಲ್ಪೆ ಬೋಟ್:
ನಮ್ಮದು ಟ್ರಾಲ್ ಬೋಟ್. ಜೂನ್, ಜುಲೈ ರಜೆಯಲ್ಲಿ ಹೊಸ ಪ್ಲಾಟರ್ (ಜಿಪಿಎಸ್ ಹಿಡಿದು ನಕ್ಷೆಯಲ್ಲಿ ಬೋಟಿನ ಜಾಗ ತೋರಿಸುವುದು) ಮತ್ತು ಡಿಎಸ್‌ಸಿ (ಬಟನ್ ಒತ್ತಿದರೆ ಪೊಸಿಷನ್ ಸಮೇತ ಅಪಾಯದ ಕರೆ ಕಳಿಸುವ ಸೌಲಭ್ಯ) ಇರುವ ವಿಎಚ್‌ಎಫ್ ರೇಡಿಯೊ ಹಾಕಿಸಿದೆವು. ಪ್ಲಾಟರ್‌ನಿಂದ ರೇಡಿಯೊಗೆ ಪೊಸಿಷನ್ ಕೊಡುವ ಎನ್‌ಎಂಇಎ 0183 ಡೇಟಾ ವಯರ್ ನಾನೇ ಎಳೆದೆ. ದಕ್ಕೆಯಲ್ಲಿ ನಿಂತಾಗ ರೇಡಿಯೊದಲ್ಲಿ ಪೊಸಿಷನ್ ಸರಿಯಾಗಿ ಬರುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತಿಗೆ ಬೀಪ್ ಹೊಡೆದು ಪೊಸಿಷನ್ ಇಲ್ಲ ಅನ್ನುತ್ತದೆ. ಪ್ಲಾಟರ್‌ನಲ್ಲಿ ಏನೂ ತೊಂದರೆ ಇಲ್ಲ. ರೇಡಿಯೊನೇ ಹಾಳಾ?

ಲಂಗರು:
ಪ್ಲಾಟರ್ ಪೋರ್ಟಿನ ಡೇಟಾ ವೇಗ (ಬಾಡ್) ನೋಡಿ. ಎಐಎಸ್‌ಗೆ (ಸುತ್ತಲಿನ ಹಡಗುಗಳ ಗುರುತು, ಜಾಗ ತಿಳಿಸುವ ಸಾಧನ) 38400 ಇಡುತ್ತಾರೆ, ರೇಡಿಯೊಗೆ 4800 ಬೇಕು. ಅಲ್ಲೇ ತಪ್ಪುವುದು ಜಾಸ್ತಿ.

ಸೋಲ್ಡರ್ ಕಡ್ಡಿ:
ವೇಗ ತಪ್ಪಿದ್ದರೆ ದಕ್ಕೆಯಲ್ಲೂ ಬರುತ್ತಿರಲಿಲ್ಲ, ಅಲ್ವಾ? ಅಣ್ಣ, ಯಾವ ವಯರ್ ಎಲ್ಲಿಗೆ ಕೊಟ್ಟಿದ್ದೀರಿ?

ಮಲ್ಪೆ ಬೋಟ್:
4800 ಇದೆ. ಪ್ಲಾಟರ್‌ನ ಟಿಎಕ್ಸ್ (ಡೇಟಾ ಕಳಿಸುವ) ‘ಎ’ ವಯರ್ ರೇಡಿಯೊದ ಆರ್‌ಎಕ್ಸ್ (ಡೇಟಾ ಪಡೆಯುವ) ಪ್ಲಸ್‌ಗೆ. ಟಿಎಕ್ಸ್ ‘ಬಿ’ಗೆ ಟೇಪ್ ಸುತ್ತಿ ಬಿಟ್ಟಿದ್ದೇನೆ. ಆರ್‌ಎಕ್ಸ್ ಮೈನಸ್ ಹತ್ತಿರವೇ ಇದ್ದ ಎಂಜಿನ್ ಬ್ಯಾಟರಿಯ ನೆಗೆಟಿವ್‌ಗೆ. ಹಳೇ ಸೆಟ್‌ಗೂ ಹೀಗೇ ಇತ್ತು ಮಾರಾಯ್ರೆ.

ಸೋಲ್ಡರ್ ಕಡ್ಡಿ:
ಸಿಕ್ಕಿತು ಅನ್ನಿಸುತ್ತದೆ. ಹಳೇ ಜಿಪಿಎಸ್ ಒಂದೇ ವಯರಿನಲ್ಲಿ, ಗ್ರೌಂಡ್ ಲೆಕ್ಕ ಹಿಡಿದು ಡೇಟಾ ಕೊಡುತ್ತಿದ್ದಿರಬೇಕು. ಹೊಸದರಲ್ಲಿ ‘ಎ’, ‘ಬಿ’ ಎರಡರ ನಡುವಿನ ವೋಲ್ಟೇಜೇ ಡೇಟಾ. ನೀವು ಒಂದು ಕಾಲನ್ನು ಪ್ಲಾಟರ್‌ನಲ್ಲಿಟ್ಟು ಇನ್ನೊಂದನ್ನು ಬೇರೆ ಬ್ಯಾಟರಿಯಲ್ಲಿಟ್ಟಿದ್ದೀರಿ. ಎಂಜಿನ್ ನಿಂತಾಗ ಎರಡೂ ಬ್ಯಾಟರಿಗಳ ನೆಗೆಟಿವ್ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಆಲ್ಟರ್ನೇಟರ್ ತಿರುಗಿದರೆ ನೆಗೆಟಿವ್ ಕೇಬಲಿನಲ್ಲಿ ಕರೆಂಟ್ ಹರಿಯುತ್ತದೆ. ಲಗ್ (ಕೇಬಲ್ ತುದಿಯ ಲೋಹದ ಕೊಂಡಿ) ಉಪ್ಪು ಹಿಡಿದಿದ್ದರೆ ಅಲ್ಲೇ ವೋಲ್ಟೇಜ್ ಕುಸಿಯುತ್ತದೆ, ಡೇಟಾ ಕೆಡುತ್ತದೆ.

ಸುಮ್ನೆ ರೇಡಿಯೊ ಬದಲಿಸಬೇಡಿ. ಲ್ಯಾಪ್‌ಟಾಪ್‌ಗೆ ಆರ್‌ಎಸ್-422 ಯುಎಸ್‌ಬಿ ಅಡಾಪ್ಟರ್ ಹಾಕಿ, 4800ರಲ್ಲಿ ಟರ್ಮಿನಲ್ (ಬರುವ ಡೇಟಾವನ್ನು ಸಾಲುಸಾಲಾಗಿ ತೋರಿಸುವ ಪ್ರೋಗ್ರಾಂ) ತೆರೆಯಿರಿ. ಲ್ಯಾಪ್‌ಟಾಪ್‌ಗೆ ಚಾರ್ಜರ್ ಬೇಡ. ಎಂಜಿನ್ ಓಡುತ್ತಿರಲಿ. ಮೊದಲು ರೇಡಿಯೊ ತುದಿಯಲ್ಲಿ ನೋಡಿ, ಆಮೇಲೆ ಪ್ಲಾಟರ್‌ನ ‘ಎ’, ‘ಬಿ’ ಮೇಲೆ ನೇರವಾಗಿ. ಪೊಸಿಷನ್ ಬರುವ ಆರ್‌ಎಂಸಿ ಸಾಲಿನಲ್ಲಿ ಸಮಯ ಆದ ಕೂಡಲೇ ಇಂಗ್ಲಿಷ್ ಅಕ್ಷರ ‘ಎ’ ಇದ್ದರೆ ಫಿಕ್ಸ್ (ಜಿಪಿಎಸ್‌ಗೆ ಸಿಕ್ಕಿದ ಪೊಸಿಷನ್) ಇದೆ, ‘ವಿ’ ಇದ್ದರೆ ಇಲ್ಲ.

ಲಂಗರು:
‘ಬಿ’ಯನ್ನು ಆರ್‌ಎಕ್ಸ್ ಮೈನಸ್‌ಗೆ ಕೊಡುವ ಮೊದಲು ಒಂದು ಮಾತು. ಕೆಲವು ರೇಡಿಯೊಗಳಲ್ಲಿ ಆರ್‌ಎಕ್ಸ್ ಮೈನಸ್ ಒಳಗೇ ಗ್ರೌಂಡ್‌ಗೆ ಸೇರಿರುತ್ತದೆ. ಹಾಗಿದ್ದರೆ ‘ಬಿ’ಯನ್ನು ಅಲ್ಲಿಗೆ ಕೊಡಬೇಡಿ, ಪ್ಲಾಟರ್‌ನ ಔಟ್‌ಪುಟ್ ಶಾರ್ಟ್ ಆದಂತೆ. ಮ್ಯಾನ್ಯುಯಲ್ ನೋಡಿ. ವಯರ್ ಬಣ್ಣ ನಂಬಬೇಡಿ, ಒಂದೊಂದು ಕಂಪನಿಯದು ಒಂದೊಂದು ಬಣ್ಣ.

ಮಲ್ಪೆ ಬೋಟ್:
ನೋಡಿದೆ, ನಮ್ಮದರಲ್ಲಿ ಮೈನಸ್ ಬೇರೆಯೇ ಇದೆ. ರೇಡಿಯೊ ತುದಿಯಲ್ಲಿ ಎಂಜಿನ್ ಹೊಡೆದ ಕೂಡಲೇ ಸಾಲುಗಳು ತುಂಡಾಗಿ ಏನೇನೋ ಚಿಹ್ನೆ. ಪ್ಲಾಟರ್ ತುದಿಯಲ್ಲಿ ಚಂದ ‘ಎ’. ಟೇಪ್ ಬಿಚ್ಚಿ ‘ಬಿ’ಯನ್ನು ಆರ್‌ಎಕ್ಸ್ ಮೈನಸ್‌ಗೆ ಕೊಟ್ಟೆ, ಬ್ಯಾಟರಿಗೆ ಹೋಗಿದ್ದ ವಯರ್ ಕಿತ್ತೆ. ಒಂದು ಗಂಟೆ ಎಂಜಿನ್ ಓಡಿಸಿದರೂ ಬೀಪ್ ಇಲ್ಲ. ಬ್ಯಾಟರಿಯ ಲಗ್ ಬಿಚ್ಚಿದರೆ ಹಸಿರು ಪುಡಿ ಉದುರಿತು! ಈಗ ಡಿಎಸ್‌ಸಿ ಟೆಸ್ಟ್ ಹೇಗೆ?

ಸೋಲ್ಡರ್ ಕಡ್ಡಿ:
ಎಂಎಂಎಸ್‌ಐ (ಬೋಟಿನ ರೇಡಿಯೊ ಗುರುತಿನ ಸಂಖ್ಯೆ) ಹಾಕಿದ್ದು, ಪರದೆಯಲ್ಲಿ ಪೊಸಿಷನ್ ಇದ್ದರೆ ಸದ್ಯಕ್ಕೆ ಸಾಕು. ಟೆಸ್ಟ್ ಅಂತ ಕೆಂಪು ಬಟನ್ ಒತ್ತಬೇಡಿ, ನಿಜವಾದ ಅಪಾಯದ ಕರೆ ಹೋಗುತ್ತದೆ.

ಮಲ್ಪೆ ಬೋಟ್:
ಒತ್ತಲು ಆಗುವುದೂ ಇಲ್ಲ. ಹುಡುಗರು ಮುಟ್ಟುತ್ತಾರೆ ಅಂತ ತಂಡೇಲರು (ಬೋಟ್ ನಡೆಸುವವರು) ಅದರ ಮುಚ್ಚಳಕ್ಕೆ ನಾಲ್ಕು ಸುತ್ತು ಟೇಪ್ ಹಾಕಿದ್ದಾರೆ.

ಸೋಲ್ಡರ್ ಕಡ್ಡಿ:
ಕಡಲಿಗೆ ಇಳಿಯುವ ಮೊದಲು ಆ ಟೇಪನ್ನೂ ತೆಗೆಸಿ.